ಗುರುಬಸಮ್ಮನ ಸಾಕ್ಷಿ ಡಬ್ಬಿ

ಗುರುಬಸಮ್ಮ ತಾನು ಮಾಡಿದ ಅಡುಗೆಯನ್ನು ಬಡಿಸುವ ಮೊದಲು ಒಮ್ಮೆಯೂ ನಾಲಗೆಗೆ ಹಚ್ಚಿ ನೋಡಿದವಳಲ್ಲ. ಲಿಂಗಕ್ಕೆ ತೋರಿಸದೆ ರುಚಿ ನೋಡಿದರೆ ಅಡುಗೆ ಎಂಜಲಾಗುತ್ತದೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಅತ್ತೆ ಸತ್ತು ಹದಿನೆಂಟು ವರ್ಷವಾದರೂ ಆ ಮಾತಿಗೆ ವಯಸ್ಸಾಗಿರಲಿಲ್ಲ. ಉಪ್ಪು ಸಾಲದು, ಹುಣಸೆ ಹೆಚ್ಚಾಯಿತು, ಬೇಳೆಗೆ ಇನ್ನೊಂದು ಕುದಿ ಬೇಕು, ಇದನ್ನೆಲ್ಲ ಅವಳು ಮುಚ್ಚಳ ಸರಿಸಿ ಒಂದು ಸಲ ಉಸಿರೆಳೆದುಕೊಂಡು ಹೇಳಿಬಿಡುತ್ತಿದ್ದಳು. ಬಳ್ಳಾರಿ ಸತ್ಯನಾರಾಯಣಪೇಟೆಯ ಅವಳ ಖಾನಾವಳಿಗೆ ಕೋರ್ಟಿನ ಗುಮಾಸ್ತರು, ಹತ್ತಿ ಮಂಡಿಯವರು, ಸಾಲಿ ಮಾಸ್ತರರು ಬಂದು ಚಾಪೆಯ ಮೇಲೆ ಸಾಲಾಗಿ ಕೂತು ಉಣ್ಣುತ್ತಿದ್ದುದು ಆ ಉಸಿರಿನ ಮೇಲಿನ ನಂಬಿಕೆಯಿಂದಲೇ.

ಸ್ವಾತಂತ್ರ್ಯ ಬಂದ ವರ್ಷದ ಶ್ರಾವಣದಲ್ಲಿ ಅವಳಿಗೆ ಜ್ವರ ಬಂತು. ಹನ್ನೆರಡು ದಿನ ಮಲಗಿದ್ದು ಎದ್ದಳು. ಎದ್ದ ದಿನ ಒಗ್ಗರಣೆಗೆ ಸಾಸಿವೆ ಹಾಕಿದಾಗ ಚಟಪಟ ಸದ್ದು ಕೇಳಿತು, ಹೊಗೆ ಕಣ್ಣಿಗೆ ಕಂಡಿತು, ವಾಸನೆ ಮಾತ್ರ ಬರಲಿಲ್ಲ. ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿದಳು. ಇಂಗಿನ ಡಬ್ಬಿಯನ್ನು ತೆರೆದು ಮುಖವನ್ನೇ ಅದರೊಳಗೆ ತುರುಕಿದಳು. ಊದಿನಕಡ್ಡಿ ಹಚ್ಚಿದಳು. ಯಾವುದೂ ಇಲ್ಲ. ಬಾವಿಯ ನೀರಿಗೂ ಬೆಲ್ಲದ ಪಾಕಕ್ಕೂ ಒಂದೇ ಶೂನ್ಯ. ಅಂದು ಅವಳು ಅಡುಗೆಮನೆಯ ಮೂಲೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಎದ್ದು, ಕೈಯಳತೆಯ ಮೇಲೆ ಉಪ್ಪು ಹಾಕಿದಳು. ಯಾರ ಮುಂದೆಯೂ ತುಟಿ ಪಿಟಕ್ಕೆನ್ನಲಿಲ್ಲ. ವಾಸನೆ ತಿಳಿಯದ ಹೆಂಗಸಿನ ಖಾನಾವಳಿಗೆ ಯಾರು ಬರುತ್ತಾರೆ?

ಹೋದದ್ದು ತಾನಾಗಿ ಹೋಯಿತೆಂದು ನಂಬುವ ಜಾಯಮಾನ ಅವಳದಲ್ಲ. ಯಾರೋ ಕಿತ್ತುಕೊಂಡಿರಬೇಕು. ಯಾರು ಎಂದು ಹುಡುಕಲು ಅವಳು ಹೊಸ್ತಿಲು ದಾಟಿ ಹೋಗಬೇಕಾಗಿರಲಿಲ್ಲ.

ಸೊಸೆ ವಿರೂಪಮ್ಮ ಆ ವರ್ಷದ ವೈಶಾಖದಲ್ಲಷ್ಟೇ ಕುರುಗೋಡಿನಿಂದ ಬಂದವಳು. ಮಾತು ಕಡಿಮೆ, ಕಣ್ಣು ದೊಡ್ಡವು, ಕೆಲಸ ಚುರುಕು. ಮೂರೂ ಗುಣಗಳು ಮೊದಲಿಗೆ ಹಿಡಿಸಿದ್ದವು. ಈಗ ಅವೇ ಮೂರು ಅನುಮಾನಕ್ಕೆ ಬಂದವು. ಜ್ವರದ ಹನ್ನೆರಡು ದಿನವೂ ಕಷಾಯ ಕುಡಿಸಿದ್ದು ಇವಳ ಕೈಯೇ. ಕಷಾಯದಲ್ಲಿ ಏನಿತ್ತು? ಕೇಳಿದ್ದರೆ ಶುಂಠಿ, ಮೆಣಸು, ತುಳಸಿ ಎನ್ನುತ್ತಿದ್ದಳು. ಮತ್ತೇನನ್ನು ಹೇಳಿಯಾಳು? ಅಷ್ಟಲ್ಲದೆ, ಎದ್ದ ನಾಲ್ಕನೆಯ ದಿನ ಬಡಿಸಬೇಕೆಂದು ಇಳಿಸಿಟ್ಟಿದ್ದ ಪಾತ್ರೆ ತುಂಬ ಬೇಳೆಯನ್ನು ಸೊಸೆ ಬಚ್ಚಲಿಗೆ ಸುರಿದುಬಿಟ್ಟಿದ್ದಳು. ಬೆಕ್ಕು ಬಾಯಿ ಹಾಕಿತು ಅಂದಳು. ಗುರುಬಸಮ್ಮ ಅಲ್ಲೇ ಇದ್ದಳು. ಬೆಕ್ಕಿನ ಬಾಲವೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಇಲ್ಲದ ಬೆಕ್ಕನ್ನು ಹುಟ್ಟಿಸುವವಳು ಇನ್ನೇನನ್ನು ಹುಟ್ಟಿಸಲಾರಳು?

ಆಮೇಲೆ ಆ ಗಿಡಗಳು ಬಂದವು.

ಮಗ ದೊಡ್ಡಬಸಪ್ಪ ಯುದ್ಧ ನಡೆದಾಗ ಮೂರು ವರ್ಷ ಬೆಂಗಳೂರಿನಲ್ಲಿದ್ದ. ಇಟಲಿಯ ಯುದ್ಧಕೈದಿಗಳನ್ನು ಇಟ್ಟಿದ್ದ ಶಿಬಿರದ ಅಡುಗೆ ಉಗ್ರಾಣದಲ್ಲಿ ಅವನಿಗೆ ಕೆಲಸ. ಯುದ್ಧ ಮುಗಿದು ಕೈದಿಗಳು ಊರಿಗೆ ಹೊರಟಾಗ ಪಿಯೆರೊ ಎಂಬ ಅಡುಗೆಯವನು ಇವನಿಗೆ ಸಿಗರೇಟಿನ ಡಬ್ಬಿಯಲ್ಲಿ ನಾಲ್ಕು ಪೊಟ್ಟಣ ಬೀಜವನ್ನೂ, ಮಣ್ಣಿನ ಸಮೇತ ಒಂದು ಸಸಿಯನ್ನೂ ಕೊಟ್ಟಿದ್ದ. ಸಸಿಯನ್ನು ದೊಡ್ಡಬಸಪ್ಪ ಸೀಮೆಎಣ್ಣೆ ಡಬ್ಬಿಯಲ್ಲಿ ನೆಟ್ಟು ಬಾವಿಯ ಬಳಿ ಇಟ್ಟುಕೊಂಡಿದ್ದ. ಬೀಜದ ಡಬ್ಬಿ ಒಂದೂವರೆ ವರ್ಷ ಗೋಡೆಯ ಮಾಡದಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ಅದಕ್ಕೆ ಕಾಲು ಬಂದು ಕೆಳಗಿಳಿದದ್ದು ಈ ದಸರೆ ಆದ ಮೇಲೆ, ಅಂದರೆ ತಾಯಿಯ ಜ್ವರ ಬಿಟ್ಟ ಮೇಲೆ. ಇಷ್ಟು ದಿನ ಇಲ್ಲದ ತೋಟದ ಹುಚ್ಚು ಈಗೇಕೆ ಎಂದು ಗುರುಬಸಮ್ಮ ಕೇಳಿದಳು. ಮಗ ಹೆಂಡತಿಯ ಮುಖ ನೋಡಿ, "ಸುಮ್ನ ಅವ್ವ, ಚಳಿಗಾಲ ಬಂತಲ್ಲ, ಬೀಜ ಸತ್ತು ಹೋದಾವು ಅಂತ," ಅಂದ. ಆ ನೋಟವನ್ನು ಅವಳು ಗಂಟು ಹಾಕಿ ಇಟ್ಟುಕೊಂಡಳು.

ಗಂಡ ಹೆಂಡತಿ ಸೇರಿ ಹಗರಿ ಹೊಳೆಯ ಮರಳು ತಂದರು, ಕೆಮ್ಮಣ್ಣು ಜರಡಿ ಹಿಡಿದರು, ಹಳೆಯ ಆಡಿನ ಹಿಕ್ಕೆ ಪುಡಿ ಮಾಡಿ ಬೆರೆಸಿದರು. ಡಬ್ಬಿಗಳ ತಳಕ್ಕೆ ಮೊಳೆಯಿಂದ ತೂತು ಹೊಡೆದು ನುಗ್ಗೆಗಿಡದ ಅರೆನೆರಳಿಗೆ ಸಾಲಾಗಿ ಇಟ್ಟರು. ಕೊತ್ತಂಬರಿಯಂತೆ ಕಾಣುತ್ತಿದ್ದ ಒಂದು ಜಾತಿ ಹುಟ್ಟಿ ಎಂಟು ದಿನಕ್ಕೆ ಬಳ್ಳಾರಿಯ ಬಿಸಿಲು ನೋಡಿ ಒಣಗಿತು. ಉಳಿದವು ಬದುಕಿಕೊಂಡವು. ಬಾಸಿಲಿಕೊ ಎಂದು ಮಗ ಕರೆಯುತ್ತಿದ್ದ ಗಿಡ ನಮ್ಮ ಕಾಮಕಸ್ತೂರಿಯ ಒಡಹುಟ್ಟಿದ್ದು, ಎಲೆ ಇನ್ನೂ ಅಗಲ. ಒರಿಗಾನೊ ಎಂಬುದು ಮಾಲೆಗೆ ಕಟ್ಟುವ ಮರುಗದ ಸಂಬಂಧಿ. ಸಾಲ್ವಿಯಾಕ್ಕೆ ಬೆಕ್ಕಿನ ಕಿವಿಯಂತೆ ಬೂದು ಬಣ್ಣದ ತುಪ್ಪಳದ ಎಲೆ. ಬಾವಿಯ ಬಳಿಯಿದ್ದ ಹಳೆಯ ಸಸಿಯೇ ರೋಸ್ಮರಿನೊ, ಈಗ ಮೊಣಕಾಲೆತ್ತರದ ಪೊದೆ, ಸೂಜಿಯಂಥ ಎಲೆ. ಅದಕ್ಕೆ ನೀರು ಹೆಚ್ಚಾದರೆ ಬೇರು ಕೊಳೆಯುತ್ತದೆಂದು ವಿರೂಪಮ್ಮ ಮಣ್ಣಿಗೆ ಬೆರಳು ಚುಚ್ಚಿ ಒಣಗಿದೆಯೇ ಎಂದು ನೋಡಿಯೇ ಒಂದು ಚಂಬು ಹಾಕುತ್ತಿದ್ದಳು.

ಮುಡಿಯುವ ಎಲೆ ಮುಡಿಗೆ, ದೇವರ ಎಲೆ ದೇವರಿಗೆ, ಒಲೆಯ ಎಲೆ ಒಲೆಗೆ. ಹೀಗೆ ನಡೆದುಕೊಂಡು ಬಂದ ಮನೆಯಲ್ಲಿ ಸೊಸೆ ಪ್ರತಿದಿನ ಬೆಳಗ್ಗೆ ಸ್ನಾನ ಮಾಡಿ ಗಿಡಗಳ ಮುಂದೆ ಕೂತು, ಒಂದೊಂದರ ಕುಡಿ ಚಿವುಟಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಹೂವು ಬಿಡಗೊಡದೆ ಕುಡಿ ಚಿವುಟಿದರೆ ಗಿಡ ಕವಲೊಡೆಯುತ್ತದಂತೆ. ಚಿವುಟಿದ್ದು ಎಲ್ಲಿಗೆ ಹೋಗುತ್ತದೆ ಎಂದು ಗುರುಬಸಮ್ಮ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಅದು ಬರುತ್ತಿದ್ದುದು ಅವಳ ಹತ್ತಿರಕ್ಕೇ. ಒಂದು ದಿನ ತಲೆದಿಂಬಿನ ಕೆಳಗೆ ಸೂಜಿಯೆಲೆಯ ಕಡ್ಡಿ ಸಿಕ್ಕಿತು. ಇನ್ನೊಂದು ದಿನ ಮಡಿಚಿಟ್ಟ ಸೀರೆಯ ಪದರದಲ್ಲಿ ಬೂದು ಎಲೆ. ಸ್ನಾನದ ಹಂಡೆಯ ಬಿಸಿನೀರಿನ ಮೇಲೆ ಬಾಸಿಲಿಕೊ ತೇಲುತ್ತಿತ್ತು.

ಮಾಟ ಮಾಡಿಸುವವರು ದಿಂಬಿನ ಕೆಳಗೇ ಇಡುವುದು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಅವಳು ಕೂಗಾಡಲಿಲ್ಲ. ಕೂಗಾಡಿದರೆ ಸೊಸೆ ಅತ್ತು ಕರೆದು ಮಗನನ್ನು ಕಟ್ಟಿಕೊಳ್ಳುತ್ತಾಳೆ. ಗಂಡ ಬದುಕಿದ್ದಾಗ ಅಡಿಕೆ ಎಲೆ ಇಟ್ಟುಕೊಳ್ಳುತ್ತಿದ್ದ ಹಿತ್ತಾಳೆ ಡಬ್ಬಿ ಪೆಟ್ಟಿಗೆಯ ತಳದಲ್ಲಿತ್ತು. ಸಿಕ್ಕ ಒಂದೊಂದು ಕಡ್ಡಿಯನ್ನೂ ಎಲೆಯನ್ನೂ, ಚಿವುಟುವುದು ತಪ್ಪಿ ಹೂಬಿಟ್ಟು ಬಲಿತ ಬಾಸಿಲಿಕೊದ ತೆನೆಯನ್ನೂ ನೆರಳಲ್ಲಿ ಆರಿಸಿ ಅದರೊಳಗೆ ಹಾಕಿ ಬಿಗಿಯಾಗಿ ಮುಚ್ಚಿಟ್ಟಳು. ಡಬ್ಬಿ ತುಂಬಿದ ದಿನ ಹಲಕುಂದಿ ಮಠಕ್ಕೆ ಒಯ್ದು ಹಿರಿಯರ ಮುಂದೆ ಸುರಿಯುವುದು, ಇವಳನ್ನು ಕುರುಗೋಡಿನ ಬಸ್ಸು ಹತ್ತಿಸುವುದು. ಇದು ಅವಳ ಲೆಕ್ಕಾಚಾರ.

ಸೊಸೆಯೋ ದಿನಕ್ಕೊಂದು ಎಲೆಯನ್ನು ಬೆರಳಲ್ಲಿ ತಿಕ್ಕಿ ಅತ್ತೆಯ ಮುಂದೆ ಹಿಡಿಯುವ ಹೊಸ ಪರಿಪಾಠ ಹಚ್ಚಿಕೊಂಡಳು. ವಾಸನೆ ಹೇಗಿದೆ ನೋಡಿ ಎನ್ನುವಳು. ಚೆನ್ನಾಗಿದೆ ಎಂದರೆ ಮುಖವನ್ನೇ ನೋಡುತ್ತ ನಿಲ್ಲುವಳು. ಕದ್ದವಳು ಕದ್ದ ಮಾಲು ಪೂರ್ತಿ ತನ್ನ ಕೈ ಸೇರಿದೆಯೇ ಎಂದು ನೋಡುವ ನೋಟ ಅದು ಎಂದು ಗುರುಬಸಮ್ಮನಿಗೆ ಖಾತ್ರಿಯಾಯಿತು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಹಿತ್ತಲಿನಿಂದ ಬಂದಾಗ ವಿರೂಪಮ್ಮ ಸಾರಿನ ಮುಚ್ಚಳ ಸರಿಸಿ, ಬಗ್ಗಿ, ಉಸಿರೆಳೆದುಕೊಳ್ಳುತ್ತಿದ್ದಳು. ಥೇಟ್ ಗುರುಬಸಮ್ಮನ ಹಾಗೆಯೇ. ಆಮೇಲೆ ಒಂದು ಚಿಟಿಕೆ ಉಪ್ಪು ಹಾಕಿದಳು, ಸೆರಗಿನ ಗಂಟು ಬಿಚ್ಚಿ ಎರಡು ಎಲೆ ಹರಿದು ಹಾಕಿದಳು. ಅಂದು ಕೋರ್ಟಿನ ಗುಮಾಸ್ತ ಹುಲುಗಪ್ಪ ಎರಡನೆಯ ಸಲ ಸಾರು ಹಾಕಿಸಿಕೊಂಡು, ಗುರುಬಸಮ್ಮನ ಕೈಗುಣ ಓಣಿಯ ಆ ತುದಿಗೇ ಘಮ್ಮೆನ್ನುತ್ತದೆ ಎಂದು ಹೊಗಳಿದ. ಅವಳು ನಕ್ಕಳು. ವಾಸನೆ ಹೋಯಿತು, ಈಗ ಸೌಟೂ ಹೋಗುತ್ತದೆ.

ಮರುದಿನವೇ ಅವಳು ತಂಗಿ ಗಂಗಕ್ಕನನ್ನು ಮಾತಾಡಿಸಿಕೊಂಡು ಬರುತ್ತೇನೆಂದು ಸಿರುಗುಪ್ಪದ ಬಸ್ಸು ಹತ್ತಿದಳು. ಇದ್ದಿಲ ಗ್ಯಾಸಿನ ಬಸ್ಸು ಏರು ಬಂದಲ್ಲೆಲ್ಲ ನಿಂತು ಉಸಿರು ತಗೊಂಡು ಸಂಜೆಗೆ ತಲುಪಿಸಿತು. ಹಿತ್ತಲ ಗಿಡ, ದಿಂಬಿನ ಕೆಳಗಿನ ಎಲೆ ಎಂದು ಅಕ್ಕ ಅರ್ಧ ಹೇಳುವಷ್ಟರಲ್ಲೇ ಗಂಗಕ್ಕ, "ಇದು ಮದ್ದು ಅಕ್ಕ, ಅನುಮಾನ ಬ್ಯಾಡ," ಎಂದು ತೀರ್ಪು ಕೊಟ್ಟಳು. ಊಟದಲ್ಲಿ ಮದ್ದು ಬೆರೆಸಿ ತಿನ್ನಿಸಿ ಮನುಷ್ಯರನ್ನು ಕೆಡಿಸುವವರು ಇದ್ದಂತೆ, ಅದನ್ನು ತೆಗೆಯುವವರೂ ಆ ಸೀಮೆಯಲ್ಲಿ ಇದ್ದರು. ಬೆಳಗಾಗುತ್ತಲೇ ಅಕ್ಕನನ್ನು ಖಾಲಿ ಹೊಟ್ಟೆಯಲ್ಲಿ ಮದ್ದು ತೆಗೆಯುವ ಜಂಬಮ್ಮನ ಮನೆಗೆ ಕರೆದೊಯ್ದಳು.

ಭತ್ತದ ಗದ್ದೆಯ ಅಂಚಿನಲ್ಲಿ ಜಂಬಮ್ಮನ ಗುಡಿಸಲು. ಅವಳು ಗಂಗಕ್ಕನನ್ನು ಹೊರಗೆ ನಿಲ್ಲಿಸಿ, ಗುರುಬಸಮ್ಮನನ್ನು ಎದುರಿಗೆ ಕೂರಿಸಿಕೊಂಡು, ಏನು ಹೋಗಿದೆ ಎಂದಷ್ಟೇ ಕೇಳಿದಳು. ಆರು ತಿಂಗಳಿನಿಂದ ಯಾರಿಗೂ ಹೇಳದಿದ್ದ ಮಾತನ್ನು ಗುರುಬಸಮ್ಮ ಅವಳಿಗೆ ಹೇಳಿದಳು. ಸೊಸೆಯ ಗಿಡಗಳ ಕಥೆಯನ್ನೂ ಹೇಳಿದಳು. ಜಂಬಮ್ಮ ಮಜ್ಜಿಗೆಯಲ್ಲಿ ಹಸಿರು ರಸ ಕಲಸಿ ಕುಡಿಸಿದಳು. ಗುರುಬಸಮ್ಮ ಕರುಳು ಹೊರಬರುವಂತೆ ಕಾರಿಕೊಂಡಳು. ಜಂಬಮ್ಮ ಕಡ್ಡಿಯಿಂದ ಕೆದಕಿ ಕಪ್ಪಗಿನದೊಂದನ್ನು ಎತ್ತಿ ತೋರಿಸಿದಳು. ಹಿಂದಿನ ರಾತ್ರಿ ತಂಗಿಯ ಮನೆಯಲ್ಲಿ ಉಂಡ ಬದನೆಕಾಯಿಯ ತೊಟ್ಟೂ ಹೀಗೇ ಇರುತ್ತದೆ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

"ಮದ್ದಿನ ಗಿಡ ನಿನ್ನ ಹಿತ್ತಲದಾಗ ಐತಿ," ಅಂದಳು ಜಂಬಮ್ಮ. "ಕೀಳಬ್ಯಾಡ, ಬೇರು ಉಳೀತೈತಿ. ಹಾಕಿದಾಕಿ ಊರಾಗ ಇಲ್ಲದ ದಿನ ನೋಡಿ, ನಿನ್ನ ಒಲಿ ಮ್ಯಾಲಿನ ಕುದಿಗಂಜಿ ಬುಡಕ್ಕ ಸುರಿ. ಗಿಡ ಸಾಯ್ತಿದ್ದಂಗ ನಿಂದು ನಿನಗ ಬರ್ತೈತಿ."

ಆ ದಿನ ಬೇಗ ಬಂತು. ವಿರೂಪಮ್ಮನ ಅಕ್ಕನ ಮಗುವಿಗೆ ಕುರುಗೋಡಿನಲ್ಲಿ ತೊಟ್ಟಿಲ ಕಾರ್ಯ, ಗಂಡ ಹೆಂಡತಿ ಇಬ್ಬರೂ ಮೂರು ದಿನಕ್ಕೆಂದು ಹೊರಟರು. ಹೊರಡುವಾಗ ಸೊಸೆ, ಬಾಸಿಲಿಕೊಗೆ ದಿನವೂ, ಬಾವಿ ಬಳಿಯದಕ್ಕೆ ಮಣ್ಣು ಒಣಗಿದರೆ ಮಾತ್ರ ನೀರು ಎಂದು ಎರಡೆರಡು ಸಲ ಹೇಳಿದಳು. ಗುರುಬಸಮ್ಮ ಆಗಲಿ ತಾಯಿ ಎಂದು ಕಳುಹಿಸಿದಳು.

ಬಸ್ಸು ಹೊರಟಿರಬಹುದಾದ ಹೊತ್ತಿಗೆ ಅವಳು ದೊಡ್ಡ ಪಾತ್ರೆಯಲ್ಲಿ ಅಕ್ಕಿ ಬೇಯಿಸಿ ಗಂಜಿ ಬಸಿದು, ಅದನ್ನು ಮತ್ತೆ ಒಲೆಗಿಟ್ಟು ಕೊತಕೊತ ಕುದಿಸಿದಳು. ಸೀರೆಯ ಚುಂಗಿನಲ್ಲಿ ಪಾತ್ರೆ ಹಿಡಿದು ಹಿತ್ತಲಿಗೆ ಬಂದಳು. ಬಾಸಿಲಿಕೊ ಮೇಲೆ ಸುರಿದಳು. ಎಲೆಗಳು ಕಣ್ಣೆದುರಿಗೇ ಕಪ್ಪಾಗಿ ಜೋತುಬಿದ್ದವು. ಏನೂ ಆಗಲಿಲ್ಲ. ಒರಿಗಾನೊಗೆ ಸುರಿದಳು, ಬೆಕ್ಕಿನ ಕಿವಿಯಂಥ ಸಾಲ್ವಿಯಾಕ್ಕೆ ಸುರಿದಳು. ಏನೂ ಇಲ್ಲ. ಜಂಬಮ್ಮನನ್ನು ಮನಸ್ಸಿನಲ್ಲೇ ಬೈಯುತ್ತ ಒಳಗೆ ಹೋಗಿ ಉಳಿದ ಗಂಜಿಯನ್ನು ತಂದು ಬಾವಿಯ ಬಳಿಯ ಪೊದೆಯ ತಲೆಯ ಮೇಲೆ ಎತ್ತಿ ಹೊಯ್ದಳು. ಬಿಳಿ ಹಬೆ ದಟ್ಟವಾಗಿ ಎದ್ದು ಅವಳ ಮುಖಕ್ಕೆ ಬಡಿಯಿತು.

ಅವಳು ಪಾತ್ರೆಯನ್ನು ಕೈಬಿಟ್ಟಳು.

ಏನೋ ಬಂತು. ಕರ್ಪೂರವಲ್ಲ, ನೀಲಗಿರಿ ಎಣ್ಣೆಯಲ್ಲ, ಮಳೆಗಾಲದಲ್ಲಿ ಹೊಸ ಮರ ಕೊಯ್ದ ಹಾಗೆ, ಅದೂ ಅಲ್ಲ. ಗಿಡ ಬಾವಿಯ ಬಳಿಯೇ ಇದ್ದರೂ ಜನ್ಮದಲ್ಲಿ ಅವಳು ಮೂಸಿ ನೋಡದ ವಾಸನೆ. ಅದು ಮೂಗಿನೊಳಗೆ ದಾರಿ ಮಾಡಿಕೊಂಡು ನೆತ್ತಿಗೆ ಹೋಯಿತು, ಕಣ್ಣಲ್ಲಿ ನೀರು ತಂದಿತು. ಗುರುಬಸಮ್ಮ ಒದ್ದೆ ನೆಲದ ಮೇಲೆ ಕುಕ್ಕರಿಸಿ, ಸತ್ತ ಗಿಡದ ಮೇಲೆ ಬಗ್ಗಿ, ಹಬೆ ಆರುವವರೆಗೂ ಉಸಿರೆಳೆದಳು. ಜಂಬಮ್ಮ ದೇವತೆ ಅಂದುಕೊಂಡಳು. ಗಿಡ ಸತ್ತಿತು, ನನ್ನದು ನನಗೆ ಬಂತು.

ಒಳಗೆ ಓಡಿ ಬೆಳ್ಳುಳ್ಳಿ ಜಜ್ಜಿದಳು. ಇಲ್ಲ. ಉಳ್ಳಾಗಡ್ಡಿ, ಇಂಗು, ವಿಭೂತಿ ಗಟ್ಟಿ, ಯಾವುದೂ ಇಲ್ಲ. ಹೋಗಲಿ, ಒಂದೊಂದಾಗಿ ಬರುತ್ತವೆ ಎಂದು ಸಮಾಧಾನ ಮಾಡಿಕೊಂಡು ಸಂಜೆ ಮತ್ತೆ ಬಾವಿಯ ಬಳಿಗೆ ಬಂದಳು. ಬಾಡಿದ ಕಡ್ಡಿಯಲ್ಲಿ ಆ ವಾಸನೆ ಇತ್ತು, ಬೆಳಗಿನಷ್ಟು ಇರಲಿಲ್ಲ. ಮರುದಿನ ಕೊಂಬೆಗಳು ಗಂಜಿಯ ಲೋಳೆಯಲ್ಲಿ ಕೊಳೆಯತೊಡಗಿದ್ದವು. ಮುಖವಿಟ್ಟು ಮೂಸಿದರೂ ಇದೆಯೋ ಇಲ್ಲವೋ ಎಂಬಷ್ಟು. ಮೂರನೆಯ ದಿನ ಅದೂ ಹೋಯಿತು.

ಗಿಡ ಸತ್ತರೆ ಬರುವುದಾಗಿದ್ದರೆ, ಗಿಡ ಇನ್ನಷ್ಟು ಸತ್ತಂತೆ ಇನ್ನಷ್ಟು ಬರಬೇಕಿತ್ತು. ಗುರುಬಸಮ್ಮ ಬಾವಿಕಟ್ಟೆಯ ಮೇಲೆ ಕೂತು ಇದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆರು ತಿಂಗಳು ಸೊಸೆಯ ಮೇಲೆ ಹರಿತ ಮಾಡಿಕೊಂಡಿದ್ದ ಅನುಮಾನ ಮೊದಲ ಸಲ ತನ್ನ ಕಡೆಗೇ ತಿರುಗಿತು. ಅವಳಿಗೆ ಹೆದರಿಕೆಯಾಯಿತು.

ಮಧ್ಯಾಹ್ನ ಇಬ್ಬರೂ ಬಂದರು. ದೊಡ್ಡಬಸಪ್ಪ ಕಾಲು ತೊಳೆಯಲು ಹಿತ್ತಲಿಗೆ ಹೋದವನು ಸಾಲಾಗಿ ಕಪ್ಪಾಗಿ ನಿಂತ ಡಬ್ಬಿಗಳನ್ನು ಕಂಡು, ಬೆರಳಿಗೆ ಗಂಜಿ ಹತ್ತಿಸಿಕೊಂಡು ನೋಡಿ, ತಾಯಿಯತ್ತ ತಿರುಗಿದ. ಅವನ ಮುಖ ಕೆಂಪಾಗಿತ್ತು. ಬಾಯಿ ಬಿಡುವಷ್ಟರಲ್ಲಿ ವಿರೂಪಮ್ಮ ಅವನ ಕೈ ಹಿಡಿದಳು. ಅವಳು ಗಿಡಗಳನ್ನು ನೋಡಲೇ ಇಲ್ಲ. ಬಾವಿಯ ಬಳಿಯ ಪೊದೆಯ ಮೇಲೆ ಬಗ್ಗಿ ಬಗ್ಗಿ ಕೂತದ್ದರಿಂದ ಅತ್ತೆಯ ಸೀರೆಗೆ ಮೆತ್ತಿದ್ದ ಕೆಸರನ್ನು ನೋಡುತ್ತಿದ್ದಳು.

"ಅತ್ತಿ," ಅಂದಳು ಮೆಲ್ಲಗೆ, "ನಿಮಗ ವಾಸನಿ ಬಂತೇನ್ರಿ?"

ಗುರುಬಸಮ್ಮ ಕೆಸರು ಮೆತ್ತಿದ ನೆರಿಗೆಯನ್ನು ಒಳಕ್ಕೆ ಸರಿಸಿಕೊಂಡಳು. "ಹೋಗಿತ್ತು ಅಂತ ನಿನಗ ಯಾರು ಹೇಳಿದ್ರು?"

"ಶ್ರಾವಣದಾಗ ಹಳಸಿದ ಬ್ಯಾಳಿ ಬಡಸಾಕ ಇಳಿಸಿ ಇಟ್ಟಿದ್ರಿ. ಮುಚ್ಚಳ ತೆಗದ್ರ ನಾತ ಹೊಡೀತಿತ್ತು, ನೀವು ಅಲ್ಲೇ ನಿಂತಿದ್ರಿ. ನಾ ಚೆಲ್ಲಿ, ಬೆಕ್ಕು ಬಾಯಿ ಹಾಕ್ತು ಅಂದೆ."

ಆಮೇಲಿನದನ್ನು ಮಗ ಹೇಳಿದ. ಶಿಬಿರದ ಆ ಪಿಯೆರೊಗೂ ಜ್ವರ ಬಂದು ಹೀಗೇ ಆಗಿತ್ತಂತೆ. ಅಡುಗೆಯವನಿಗೆ ಇದಕ್ಕಿಂತ ಸಾವು ಲೇಸು ಎಂದು ಅತ್ತಿದ್ದನಂತೆ. ಅವನು ತನ್ನ ಊರಿನ ನಾಲ್ಕು ಎಲೆಗಳನ್ನು ಬೆಳೆದು, ಅವು ಹೇಗಿದ್ದವೆಂದು ನೆನೆಸಿಕೊಳ್ಳುತ್ತ ದಿನವೂ ಒಂದೊಂದನ್ನು ತಿಕ್ಕಿ ತಿಕ್ಕಿ ಮೂಸುತ್ತಿದ್ದ. ವರ್ಷದ ಮೇಲೆ ಮೊದಲು ಬಂದದ್ದು ಆ ಸೂಜಿಯೆಲೆಯದು, ಆಮೇಲೆ ಉಳಿದವು ತಾವಾಗಿ ಬಂದವು. ಅವ್ವನಿಗೆ ಬಾಯಿ ಬಿಟ್ಟು ಹೇಳಿದರೆ ನಾಚಿಕೆಯಿಂದ ಒಲೆಯ ಮುಂದೆ ಕೂರುವುದನ್ನೇ ಬಿಟ್ಟಾಳು, ಹೊರಗೆ ಸುದ್ದಿಯಾದರೆ ಖಾನಾವಳಿ ಮುಚ್ಚೀತು, ಅವಳಿಗೆ ಗೊತ್ತಾಗದ ಹಾಗೆಯೇ ಮಾಡೋಣ ಎಂದು ಹಟ ಹಿಡಿದವಳು ವಿರೂಪಮ್ಮ. ಇಷ್ಟು ಹೇಳಿ ದೊಡ್ಡಬಸಪ್ಪ ಸತ್ತ ಪೊದೆಯ ಮುಂದೆ ಕೂತುಬಿಟ್ಟ. ಬೀಜವೆಲ್ಲ ಮುಗಿದಿದೆ, ಆ ಸಸಿಯಂತೂ ಈ ಸೀಮೆಯಲ್ಲೇ ಇನ್ನೊಂದಿಲ್ಲ ಎಂದ.

ಗುರುಬಸಮ್ಮ ತನಗೆ ದಕ್ಕಿದ್ದ ಒಂದೇ ಒಂದು ವಾಸನೆಯನ್ನು ತನ್ನ ಕೈಯಾರೆ ಬೇಯಿಸಿ ಕೊಂದಿದ್ದಳು. ಎದ್ದು ಒಳಗೆ ಹೋದಳು. ಪೆಟ್ಟಿಗೆಯ ತಳದಿಂದ ಹಿತ್ತಾಳೆ ಡಬ್ಬಿಯನ್ನು ತೆಗೆದುಕೊಂಡು ಬಂದು ಸೊಸೆಯ ಮುಂದಿಟ್ಟಳು. ಮುಚ್ಚಳ ಬಿಗಿಯಾಗಿತ್ತು. ವಿರೂಪಮ್ಮ ಉಗುರು ಹಾಕಿ ಮೀಟಿ ತೆರೆದಳು. ಅಂಚಿನವರೆಗೂ ಕಡ್ಡಿ, ಎಲೆ, ಬಾಸಿಲಿಕೊದ ಒಣಗಿದ ತೆನೆಗಳು, ಅವುಗಳ ಸಂದಿಯಲ್ಲಿ ಎಳ್ಳಿನಂಥ ಕಪ್ಪು ಬೀಜ.

"ಇಷ್ಟೂ ಕೂಡಿಟ್ಟೀರಿ," ಅಂದಳು ವಿರೂಪಮ್ಮ. ಅವಳ ಕಣ್ಣಲ್ಲಿ ಸಂತೋಷ ಕಂಡು ಗುರುಬಸಮ್ಮನಿಗೆ ತಡೆಯಲಾಗಲಿಲ್ಲ.

"ನಿನ್ನ ಮ್ಯಾಲಿನ ಸಾಕ್ಷಿ ಅವು," ಅಂದಳು. "ಹಲಕುಂದಿ ಮಠಕ್ಕ ಒಯ್ದು, ನೀ ನನಗ ಮದ್ದು ಹಾಕೀದಿ ಅಂತ ಹೇಳಿ, ನಿನ್ನ ತವರಿಗೆ ಅಟ್ಟಬೇಕು ಅಂತ ಕೂಡಿಸಿದ್ದೆ. ಗಿಡ ಸುಟ್ಟಾಕಿನೂ ನಾನ."

ವಿರೂಪಮ್ಮ ಡಬ್ಬಿಯ ಮೇಲೆ ತಲೆ ಬಗ್ಗಿಸಿದಳು. ಅವಳ ಕಣ್ಣೀರಿನ ಎರಡು ಹನಿ ಒಣ ಎಲೆಯ ಮೇಲೆ ಬಿದ್ದವು. ಗುರುಬಸಮ್ಮ ಕುರುಗೋಡಿನ ಬಸ್ಸು ಎಷ್ಟೊತ್ತಿಗೆ ಎಂದು ಅವಳು ಕೇಳುವುದನ್ನೇ ಕಾಯುತ್ತ ನಿಂತಿದ್ದಳು. ಕೇಳಿದ್ದರೆ ತಡೆಯಲು ಅವಳಿಗೆ ಬಾಯಿರಲಿಲ್ಲ.

ವಿರೂಪಮ್ಮ ಮೂಗೊರೆಸಿಕೊಂಡು, ತೆನೆಗಳನ್ನು ಆರಿಸಿ ಗಂಡನ ಕೈಗೆ ಕೊಟ್ಟಳು. ಆಮೇಲೆ ತಳದಲ್ಲಿದ್ದ ಒಂದು ಸೂಜಿಯೆಲೆಯ ಕಡ್ಡಿಯನ್ನು ಎತ್ತಿಕೊಂಡು ಅಂಗೈಯಲ್ಲಿ ಪುಡಿಯಾಗುವಂತೆ ತಿಕ್ಕಿ, ಅತ್ತೆಯ ಮುಖದ ಮುಂದೆ ಹಿಡಿದಳು.

"ಮೂಸ್ರಿ," ಅಂದಳು. "ಈ ಸಲ ಸುಳ್ಳು ಹೇಳಬ್ಯಾಡ್ರಿ."

ಗುರುಬಸಮ್ಮ ಎರಡೂ ಕೈಯಿಂದ ಆ ಅಂಗೈಯನ್ನು ಹಿಡಿದುಕೊಂಡು ಮುಖ ಇಟ್ಟಳು. ಬಹಳ ಹೊತ್ತು ಏನೂ ಇರಲಿಲ್ಲ. ಆಮೇಲೆ, ಬಹಳ ದೂರದಿಂದ, ಸ್ವಲ್ಪವೇ ಬಂತು.

"ಐತಿ," ಅಂದಳು. ಆ ಅಂಗೈಯನ್ನು ಬಿಡಲಿಲ್ಲ.